ಬಾಟ್ಲಿಗೊಬ್ಬ ಅಪ್ಪ

ಒಂದೇ ಒಂದು ಬೆಳಿಗ್ಗೆ, ಕಾಫಿ ಆರೋದ್ರೊಳಗೆ, ಅಮೆರಿಕದ ಒಂದಿಡೀ ವಂಶಕ್ಕೆ ಮುತ್ತಾತನ್ನ ಹುಟ್ಟಿಸಿಕೊಟ್ಟ ಗಂಡು ಯಾರಾದ್ರೂ ನಿಮಗೆ ಗೊತ್ತಾ? ಗೊತ್ತಿಲ್ಲ ತಾನೆ? ನನಗೆ ಗೊತ್ತು. ನಮ್ಮ ಉತ್ತಮ್. ಪರ್ತ್‌ನಲ್ಲಿ ಕೂತ್ಕೊಂಡೇ ಲೂಯಿಸಿಯಾನಾನ ಅಲ್ಲಾಡಿಸ್ತಾನೆ. ಇಂಥವನ ಕಥೆ ಕೇಳೋ ಯೋಗ ಎಲ್ಲರಿಗೂ ಬರಲ್ಲ. ನಿಮಗೆ ಬಂದಿದೆ, ಸುಮ್ನೆ ಕೂತ್ಕೊಳ್ಳಿ. ಕ್ಲೈಮ್ಯಾಕ್ಸಲ್ಲಿ ಒಂದು ಮಗುಗೆ ಹೆಸರು ಬೇರೆ ಕೊಡ್ತಾನೆ. ವಿಶಲ್ ರೆಡಿ ಇಟ್ಕೊಳ್ಳಿ.

ಆ ಬೆಳಿಗ್ಗೆ ಅವನ ಕೈಯಲ್ಲಿದ್ದ ಹೆಸರು ಡುಪ್ರೆವಾಲ್. ಫ್ರೆಂಚ್ ಸರ್‌ನೇಮು.

ಉತ್ತಮ್‌ಗೆ ಸಂಬಳ ಕೊಡೋದು ಒಂದು ಅಮೆರಿಕನ್ ವೆಬ್‌ಸೈಟು. ಜನ ತಮ್ಮ ಸರ್‌ನೇಮ್ ಟೈಪ್ ಮಾಡ್ತಾರೆ. ಅದು ಎಲ್ಲಿ ಹುಟ್ತು, ಹೇಗೆ ಅಮೆರಿಕಕ್ಕೆ ಬಂತು, ಈಗ ಎಲ್ಲೆಲ್ಲಿ ಹರಡಿದೆ ಅಂತ ಒಂದು ಪುಟ ತೆರ್ಕೊಳ್ಳುತ್ತೆ. ಕೆಳಗೊಂದು ಮ್ಯಾಪು, ಮ್ಯಾಪಿನ ಮೇಲೆ ಕೆಂಪು ಚುಕ್ಕಿ. ಪುಟ ಬರೆಯೋನೂ ಇವನೇ, ಚುಕ್ಕಿ ಇಡೋನೂ ಇವನೇ. ಚುಕ್ಕಿ ಇಟ್ಟ ತಕ್ಷಣ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಎದ್ದು ಕೇಳುತ್ತೆ: ಆಧಾರ? ಅದರಲ್ಲಿ ಏನಾದ್ರೂ ತುಂಬದೇ ಇದ್ರೆ ಚುಕ್ಕಿ ಅಳಿಸಿಹೋಗುತ್ತೆ.

ಶುರುವಿನಲ್ಲಿ ಅವನು ನಿಜವಾಗ್ಲೂ ಹುಡುಕ್ತಿದ್ದ. ಬ್ರಿಸ್ಬೇನಿನ ಸೇಂಟ್ ಲೂಸಿಯಾ ಕ್ಯಾಂಪಸ್ಸಲ್ಲಿ ಹಿಸ್ಟರಿ ಓದಿದವನಲ್ವಾ. ಆಮೇಲೆ ಗೊತ್ತಾಯ್ತು, ಆ ಡಬ್ಬಿ ಕೇಳುತ್ತೆ ಅಷ್ಟೆ, ಓದಲ್ಲ. ಆವತ್ತಿಂದ 'ಚರ್ಚಿನ ಹಳೇ ದಾಖಲೆ' ಅಂತ ಹೊಡೀತಾನೆ. ಚುಕ್ಕಿ ನಿಲ್ಲುತ್ತೆ.

ಡುಪ್ರೆವಾಲ್‌ಗೂ ಹಾಗೇ ಮಾಡಿದ. ಫ್ರಾನ್ಸಿನ ಯಾವುದೋ ನದೀಲಿ ದೋಣಿ ಕಾಯ್ತಿದ್ದ ಒಬ್ಬ ಮೂಲಪುರುಷ. ಅವನ ಮಕ್ಕಳಲ್ಲಿ ಒಂದು ಕವಲು ಕೆನಡಾದಿಂದ ಇಳಿದು ಮೇಯ್ನ್‌ನ ಬಟ್ಟೆ ಗಿರಣಿಗೆ, ಇನ್ನೊಂದು ಲೂಯಿಸಿಯಾನಾದ ಕಬ್ಬಿನ ಗದ್ದೆಗೆ. ಮೇಯ್ನ್‌ಗೆ ಒಂದು ಹಿಡಿ ಚುಕ್ಕಿ, ಲೂಯಿಸಿಯಾನಾಗೆ ಎರಡು ಹಿಡಿ. ರಂಗೋಲಿ ಹಾಕಿದ ಹಾಗೆ. ಕೊನೇಲಿ ಎಲ್ಲ ಪುಟಕ್ಕೂ ಹಾಕೋ ಸಾಲು: 'ಇಂದಿಗೂ ಈ ಹೆಸರು ಹೆಮ್ಮೆಯಿಂದ ಮುಂದುವರಿದಿದೆ.'

ಫೋನ್ ಹೊಡ್ಕೊಂಡ್ತು. ರಂಜನಿ. ಹೆಂಡತಿ. ಇರೋದು ಬ್ರಿಸ್ಬೇನಲ್ಲಿ.

"ಎದ್ದಿದೀಯಾ?"

"ನಾನು ಎದ್ದ ಮೇಲೇನೇ ಮೇಡಂ ಸೂರ್ಯ ಪರ್ಮಿಶನ್ ತಗೊಂಡು..."

"ಉತ್ತಮ್. ಡೈಲಾಗ್ ಬೇಡ."

"ಹೂಂ."

"ಬರ್ತ್ ರಿಜಿಸ್ಟ್ರೇಶನ್‌ಗೆ ಇವತ್ತು ಲಾಸ್ಟ್ ಡೇ. ನನ್ನ ಭಾಗ ತುಂಬಿ ಆಯ್ತು. ಮಗು ಹೆಸರು ಶ್ರೀಜಾ. ತಂದೆ ಅನ್ನೋ ಜಾಗ ಹಾಗೇ ಬಿಟ್ಟಿದೀನಿ."

"ಹಾಗೇ ಅಂದ್ರೆ?"

"ಖಾಲಿ. ನಿನಗೆ ಲಿಂಕ್ ಬಂದಿದೆ. ನೀನು ಸೈನ್ ಮಾಡಿದ್ರೆ ಶ್ರೀಜಾ ಉತ್ತಮ್. ಇಲ್ದಿದ್ರೆ ಶ್ರೀಜಾ ರಂಜನಿ."

"ನೀನೇ ಬರೆದ್ಬಿಡಬಹುದಲ್ಲ."

"ಬರೀಬಹುದು. ಬರಿಯಲ್ಲ. ಮಧ್ಯಾಹ್ನ ಫೆರ್ರೀಲಿ ಸಿಟಿಗೆ ಹೋಗ್ತೀನಿ. ಐದಕ್ಕೆ ಕೌಂಟರ್ ಮುಚ್ತಾರೆ. ಅಷ್ಟರೊಳಗೆ. ನಾನಂತೂ ಮತ್ತೆ ಫೋನ್ ಮಾಡಲ್ಲ."

ಅವಳ ಹಿಂದೆ ಏನೋ ಒಂದು ಪುಟ್ಟ ಸದ್ದು. ಮಗು ಸೀನಿರ್ಬೇಕು. ಉತ್ತಮ್ ಅದನ್ನ ಇನ್ನೂ ನೋಡಿಲ್ಲ.

ಯಾಕೆ ಅಂತ ಕೇಳ್ತೀರ. ಹೇಳ್ತೀನಿ. ಕೆಲಸಕ್ಕೆ ಅಂತ ಅವನೊಬ್ಬನೇ ಪರ್ತ್‌ಗೆ ಬಂದ ಹೊಸದು. ಒಂದು ಸಂಜೆ ರಂಜನಿ ಫೋನ್ ಮಾಡಿ, ನಾನು ಪ್ರೆಗ್ನೆಂಟು ಅಂದ್ಲು. ನಮ್ಮ ಹೀರೋ ಬಾಯಿಗೆ ಆ ಕ್ಷಣ ಬಂದಿದ್ದು ಹೀಗೆ: "ಕಂಗ್ರಾಟ್ಸ್! ಪಿಕ್ಚರ್ ಡೈರೆಕ್ಟರ್ ಯಾರು?"

ಹೇಳಿ, ನಗು ಬರಲಿ ಅಂತ ಕಾದ. ಬರ್ಲಿಲ್ಲ.

ಅನುಮಾನ ಇತ್ತಾ? ಇರ್ಲಿಲ್ಲ. ಅದೇ ಕಷ್ಟ. ಅನುಮಾನ ಅಂತ ಒಂದಿದ್ದಿದ್ರೆ ಆ ಮಾತಿಗೊಂದು ಕಾರಣ ಆದ್ರೂ ಇರ್ತಿತ್ತು. ತಮಾಷೆ ಕಣೇ ಅಂತ ಆಮೇಲೆ ಒಂದು ಮೆಸೇಜ್ ಬರೆದ, ಅಳಿಸಿದ. ಬರೆದ, ಅಳಿಸಿದ. ಅಷ್ಟರಲ್ಲಿ ಮಗು ಹುಟ್ತು.

*

ಮಧ್ಯಾಹ್ನ ಡುಪ್ರೆವಾಲ್ ಪುಟ ಪ್ರಿಂಟ್ ತೆಗೆದು, ಫೈಲಿಗೆ ಹಾಕ್ಕೊಂಡು, ಪರ್ತ್ ಪಕ್ಕದ ಸ್ವಾನ್ ವ್ಯಾಲಿ ಕಡೆ ಕಾರು ಬಿಟ್ಟ. ಸಾಮಾನ್ಯವಾಗಿ ಪುಟ ಓದೋರ ಮುಖ ಅವನು ನೋಡಿದ್ದೇ ಇಲ್ಲ. ಈ ಡುಪ್ರೆವಾಲ್ ಮಾತ್ರ ಇಲ್ಲೇ, ದ್ರಾಕ್ಷಿ ತೋಟ ಇಟ್ಟಿದಾನೆ. ಹುಟ್ಟಿದ್ದು ಲೂಯಿಸಿಯಾನಾದಲ್ಲಿ. ಹೊಸ ವೈನ್ ಬಾಟ್ಲಿ ಮೇಲೆ ತನ್ನ ಹೆಸರಿನ ಚರಿತ್ರೆ ಅಚ್ಚು ಹಾಕಿಸ್ಬೇಕಂತೆ. ಬರೆದವನೇ ಬಂದು ಓದಿ ಹೇಳ್ಲಿ ಅಂತ ಹಟ.

ದಾರೀಲಿ ಮತ್ತೆ ಫೋನು. ಅಡಿಲೇಡಿಂದ ಅಪ್ಪ. ವಸಂತಕುಮಾರ್ ಅಂತ. ಮೈಸೂರಲ್ಲಿ ಮೇಷ್ಟ್ರಾಗಿದ್ದು ರಿಟೈರಾಗಿ ಈಗ ಮಗಳು ನಮಿತಾ ಜೊತೆ ಇದಾರೆ. ನಮಿತಾ ಬೆಡ್‌ಫರ್ಡ್ ಪಾರ್ಕಿನ ಆಸ್ಪತ್ರೇಲಿ ಕೆಲಸ ಮಾಡ್ತಾಳೆ.

"ಅಲ್ಲೀಗ ಎಷ್ಟು ಗಂಟೆನೋ?" ಅಪ್ಪ ಯಾವತ್ತೂ ಇಲ್ಲಿಂದಾನೇ ಶುರು ಮಾಡೋದು.

"ನಿಮಗಿಂತ ಹಿಂದೆ ಅಪ್ಪಾ."

"ಬ್ರಿಸ್ಬೇನಿಗಿಂತ ಎರಡು ಗಂಟೆ ಹಿಂದೆ ಅಲ್ವಾ? ಒಂದೇ ದೇಶದಲ್ಲಿ ಮೂರು ಗಡಿಯಾರ ನೋಡಪ್ಪ. ಇರ್ಲಿ. ಮಗು ಯಾರ ಥರ ಇದೆ? ಹೋದ ವಾರ ಹೋಗಿದ್ಯಲ್ಲ, ಹೇಳಲೇ ಇಲ್ಲ."

ಹೋದ ವಾರ ಹೋಗಿದ್ದೆ ಅಂತ ಹೇಳಿದ್ದು ಹೌದು. ಹೋಗಿರ್ಲಿಲ್ಲ ಅಷ್ಟೆ.

"ನಿಮ್ಮ ಥರಾನೇ ಅಪ್ಪಾ. ಆ ಹಣೆ."

"ಹೌದಾ!" ಅಪ್ಪನ ದನಿ ಹಿಗ್ಗಿತು. "ನಮಿತಾ, ಕೇಳಿದ್ಯೇನಮ್ಮಾ? ಹಣೆ ನನ್ನದಂತೆ. ಅದು ನಮ್ಮಜ್ಜೀದು ಕಣೋ, ಆ ಹಣೆ. ಅವಳಿಂದ ಬಂದಿದ್ದು."

ನೋಡಿ, ಮೂಲಪುರುಷರು ಹುಟ್ಟೋದು ಹೀಗೆ. ದೋಣಿ ಕಾಯೋನಿಗಿಂತ ಬೇಗ ಹುಟ್ಟಿಬಿಟ್ಲು ಅಜ್ಜಿ.

"ಇನಿಶಿಯಲ್ಲು ಸರಿಯಾಗಿ ಬರೆಸಿದ್ಯಾ? ಶ್ರೀಜಾ, ಮುಂದೆ ನಿನ್ನ ಯು."

"ಇಲ್ಲಿ ಇನಿಶಿಯಲ್ ನಡೆಯಲ್ಲ ಅಪ್ಪಾ. ಪೂರ್ತಿ ಹೆಸರೇ ಬರೀಬೇಕು."

"ಪೂರ್ತಿ ಬರೆಸು ಹಾಗಾದ್ರೆ. ನಿನ್ನ ಹೆಸರಿಗೇನು ಬಂತು?"

ಅವರ ಕಡೆಯೋರಿಗೆ ಸರ್‌ನೇಮ್ ಅಂತ ಒಂದು ಇರ್ಲೇ ಇಲ್ಲ. ಅಪ್ಪನ ಹೆಸರಿನ ಒಂದಕ್ಷರ, ಪಕ್ಕದಲ್ಲೊಂದು ಚುಕ್ಕಿ. ಹೊಸಲಲ್ಲಿ ಚಪ್ಪಲಿ ಬಿಟ್ಟು ನಿಂತಿರೋ ಅಪ್ಪನ ಥರ. ಒಳಗೂ ಬರಲ್ಲ, ಹೋಗೋದೂ ಇಲ್ಲ. ವೀಸಾ ಮಾಡಿಸುವಾಗ ಆ ಅಕ್ಷರ ಬಿಡಿಸಿ ಬರೀಬೇಕಾಯ್ತು, ಅಪ್ಪನೇ ಸರ್‌ನೇಮ್ ಆಗ್ಬಿಟ್ರು. ಬ್ಯಾಂಕಲ್ಲಿ, ಡೆಂಟಿಸ್ಟ್ ಹತ್ರ, ಎಲ್ಲ ಕಡೆ ಉತ್ತಮ್‌ನ ಕರೆಯೋದು 'ಮಿಸ್ಟರ್ ವಸಂತಕುಮಾರ್' ಅಂತ. ಇಷ್ಟು ವರ್ಷ ಆದ್ರೂ, ಕರೆದಾಗ ಒಂದ್ಸಲ ಹಿಂದೆ ತಿರುಗಿ ನೋಡ್ತಾನೆ, ಅಪ್ಪ ಬಂದ್ರಾ ಅಂತ.

ಫೋನು ನಮಿತಾ ಕೈಗೆ ಹೋಯ್ತು. ಅವಳು ದನಿ ತಗ್ಗಿಸಿದ್ಲು. "ಲೋ, ನೀನು ನಿಜವಾಗ್ಲೂ ನೋಡಿದೀಯಾ ಮಗುನ?"

"ಅಕ್ಕ, ಟನಲ್ ಬರ್ತಿದೆ, ಕಟ್ ಆಗುತ್ತೆ."

"ಸ್ವಾನ್ ವ್ಯಾಲೀಲಿ ಎಲ್ಲಿದೆಯೋ ಟನಲ್ಲು?"

ಕಟ್ ಆಯ್ತು. ಕಟ್ ಮಾಡಿದ್ದು ಇವನೇ.

*

"ಮಿಸ್ಟರ್ ವಸಂಟ!" ಅಂತ ಕೂಗ್ಕೊಂಡು ಡುಪ್ರೆವಾಲ್ ಬಂದ. ಉತ್ತಮ್ ಹಿಂದೆ ತಿರುಗಿ ನೋಡಿದ. ಯಾರೂ ಇರ್ಲಿಲ್ಲ.

ಎಪ್ಪತ್ತು ದಾಟಿದ ಆಳು. ಹ್ಯಾಟು, ಗಮ್‌ಬೂಟು, ಬಿಸಿಲಿಗೆ ಕಂದಿದ ಮುಖ. ಟೇಸ್ಟಿಂಗ್ ರೂಮಿನ ಉದ್ದ ಮೇಜಿನ ಮುಂದೆ ಕೂರಿಸಿ ಗ್ಲಾಸ್ ಇಟ್ಟ. ಉತ್ತಮ್ ಕಾರಿನ ಕೀ ತೋರಿಸಿದ. ಸರಿ, ಮೂಸಿ ನೋಡು ಅಂದ ಆತ.

ಉತ್ತಮ್ ಓದಿದ. ನದಿ, ದೋಣಿ, ಗಿರಣಿ, ಕಬ್ಬು. ಒಳ್ಳೇ ಡಬ್ಬಿಂಗ್ ಆರ್ಟಿಸ್ಟ್ ಥರ ಎಲ್ಲಿ ನಿಲ್ಲಿಸ್ಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಎಳೀಬೇಕೋ ಅಲ್ಲಿ ಎಳೆದು. 'ಇಂದಿಗೂ ಈ ಹೆಸರು ಹೆಮ್ಮೆಯಿಂದ ಮುಂದುವರಿದಿದೆ' ಅನ್ನೋ ಹೊತ್ತಿಗೆ ಮುದುಕನ ಕಣ್ಣು ಒದ್ದೆ ಆಗುತ್ತೆ ಅಂತ ಅವನ ಲೆಕ್ಕ.

ಮುದುಕ ನಗ್ತಾ ಇದ್ದ.

"ಚೆನ್ನಾಗಿದೆ ಮೇಟ್. ದೋಣಿ ಕಾಯೋನು ಬಹಳ ಚೆನ್ನಾಗಿದಾನೆ. ಎಲ್ಲಿ ಸಿಕ್ಕ?"

"ಚರ್ಚಿನ ಹಳೇ ದಾಖಲೆ."

"ಸುಳ್ಳು."

ಉತ್ತಮ್ ಗ್ಲಾಸ್ ಮೂಸಿದ.

"ಪರವಾಗಿಲ್ಲ ಬಿಡು. ಆ ಹೆಸರು ನನ್ನದೇ ಅಲ್ಲ. ನಮ್ಮಮ್ಮನ ಎರಡನೇ ಗಂಡಂದು. ಎರಡು ಬೇಸಿಗೆ ಇದ್ದ, ಹೋದ. ಹೆಸರು ಬಿಟ್ಟುಹೋದ. ಜನ ಛತ್ರಿ ಮರೆತು ಹೋಗ್ತಾರಲ್ಲ, ಹಾಗೆ."

"ನಿಮ್ಮ ಸ್ವಂತ ಅಪ್ಪ?"

"ಅವನು ಛತ್ರೀನೂ ಬಿಡ್ಲಿಲ್ಲ."

ಹೊರಗೆ ಯಾರೋ ಕ್ರೇಟು ಎತ್ತಿ ಇಡ್ತಿದ್ರು. ಬಾಟ್ಲಿಗಳು ಒಂದಕ್ಕೊಂದು ತಾಗೋ ಸದ್ದು.

"ಮತ್ತೆ ಇದೆಲ್ಲ ಯಾಕೆ?" ಉತ್ತಮ್ ಕೇಳಿದ. ಫೈಲ್ ಮುಚ್ಚೋಕೆ ಹೋಗಿ ಮರೆತ.

"ಬಾಟ್ಲಿಗೆ ಒಬ್ಬ ಅಪ್ಪ ಬೇಕಲ್ಲ ಮೇಟ್. ಇಲ್ದಿದ್ರೆ ಯಾರೂ ಕೊಳ್ಳಲ್ಲ." ಮುದುಕ ಪುಟ ಕೈಗೆ ತಗೊಂಡು ಮ್ಯಾಪು ನೋಡಿದ. ಲೂಯಿಸಿಯಾನಾದ ಒಂದು ಚುಕ್ಕಿ ಮೇಲೆ ಉಗುರಿಟ್ಟ. "ಇವನು ಆ ಹೆಸರು ಬಿಟ್ಟುಹೋದವನಿರಬಹುದಾ?"

ಆ ಚುಕ್ಕಿ ಇಡುವಾಗ ಉತ್ತಮ್ ಟೋಸ್ಟ್ ತಿಂತಿದ್ದ.

"ಗಡ್ಡ ಮೂಡೋ ವಯಸ್ಸಲ್ಲಿ ಹುಡುಕಿದ್ದೆ ಅವನನ್ನ," ಅಂದ ಮುದುಕ. "ಬೈಯೋಕಲ್ಲ. ಯಾಕೆ ಸೈನ್ ಹಾಕ್ದೆ ಅಂತ ಕೇಳೋಕೆ. ನನ್ನ ಶಾಲೆ ಫಾರ್ಮಲ್ಲಿ ಅಪ್ಪ ಅಂತ ಸೈನ್ ಹಾಕಿದ್ದ. ಯಾರೂ ಕೇಳಿರ್ಲಿಲ್ಲ ಅವನನ್ನ." ಪುಟಾನ ವಾಪಸ್ ಕೊಟ್ಟ. "ನಿನಗೆ ಮಕ್ಕಳಿದಾರಾ?"

ಗೋಡೇಲಿ ಗಡಿಯಾರ. ಮೂರಕ್ಕೆ ಸ್ವಲ್ಪ ಕಮ್ಮಿ.

"ಇದಾಳೆ," ಅಂದ ಉತ್ತಮ್. ಬಾಯಿಂದ ಆ ಮಾತು ಹೊರಗೆ ಬಿದ್ದಿದ್ದು ಅದೇ ಮೊದಲು. "ಶ್ರೀಜಾ."

"ಪೂರ್ತಿ ಹೆಸರು?"

ಆಗ, ಆಗ ನೋಡಿ, ನಮ್ಮ ಹೀರೋ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಶ್ರೀಜಾ ಉತ್ತಮ್" ಅಂದ, ಟೇಸ್ಟಿಂಗ್ ರೂಮಿನ ಗ್ಲಾಸುಗಳೆಲ್ಲ ಕಣ್ಣು ಬಿಡೋ ಹಾಗೆ. ಕಾರಿಗೆ ಓಡಿದ, ಫೋನ್ ತೆಗೆದ, ಸೈನ್ ಮಾಡಿದ. ಸೀದಾ ಏರ್ಪೋರ್ಟು. ಮಾರನೇ ಬೆಳಿಗ್ಗೆ ಸೇಂಟ್ ಲೂಸಿಯಾದ ಫೆರ್ರಿ ಜೆಟ್ಟೀಲಿ, ಮಗು ಎತ್ಕೊಂಡು ನಿಂತ ರಂಜನಿ ಮುಂದೆ ಹೋಗಿ ಒಂದೇ ಮಾತು: "ಡೈರೆಕ್ಟರ್ ಸಿಕ್ಕಿದಾನೆ. ನಾನೇ." ಅವಳು ನಕ್ಕಳು. ಅಷ್ಟು ತಿಂಗಳು ಬಾಕಿ ಇದ್ದ ನಗು.

ವಿಶಲ್ ಹೊಡೆದ್ರಾ?

ಛೆ. ಅಷ್ಟು ಬೇಗ ನಂಬ್ಬಿಟ್ರಲ್ಲ. ಆಧಾರ ಏನು ಅಂತ ಕೇಳಲೇ ಇಲ್ಲ ನೀವು.

ಸರಿ. ಆಗಿದ್ದು ಹೇಳ್ತೀನಿ.

"ಪೂರ್ತಿ ಹೆಸರು?" ಅಂತ ಮುದುಕ ಕೇಳಿದಾಗ ಉತ್ತಮ್ ಗಡಿಯಾರ ನೋಡಿದ. ಐದಕ್ಕೆ ಇನ್ನೂ ಟೈಮಿದೆ ಅಂತ ತನಗೇ ಹೇಳ್ಕೊಂಡ. "ಇನ್ನೂ ಡಿಸೈಡ್ ಆಗಿಲ್ಲ" ಅಂದ. ಆಮೇಲೆ, "ಬ್ಯಾರೆಲ್‌ಗಳನ್ನ ತೋರಿಸ್ತೀರಾ?" ಅಂದ. ಮುದುಕ ತೋರಿಸಿದ. ತಂಪು ಕತ್ತಲಲ್ಲಿ ಸಾಲು ಸಾಲು ಬ್ಯಾರೆಲ್ಲು. ಓಕ್ ಮರದ ಬಗ್ಗೆ ಕೇಳಿದ. ಹುಳಿ ಬಗ್ಗೆ ಕೇಳಿದ. ತನಗೆ ಬೇಕಿಲ್ಲದ್ದನ್ನೆಲ್ಲ ಕೇಳಿದ. ಒಂದು ಸುತ್ತು ಮುಗಿದ ಮೇಲೆ, ಆ ಮೂಲೇದು ಇನ್ನೊಂದ್ಸಲ ನೋಡೋಣವಾ ಅಂತಲೂ ಕೇಳಿದ.

ರಂಜನಿ ಹೇಳಿದ ಐದು ಬ್ರಿಸ್ಬೇನಿನ ಐದು. ಪರ್ತ್‌ನಲ್ಲಿ ಅದು ಮೂರು. ಮರೆತುಬಿಟ್ಟ ಅಂತ ಹೇಳೋಕೆ ನನಗೂ ಆಸೆ. ಆದ್ರೆ ಮೂರು ವರ್ಷ ಬ್ರಿಸ್ಬೇನಲ್ಲಿದ್ದೋನು. ದಾರೀಲಿ ಅವನಪ್ಪ ಬೇರೆ ಹೇಳಿದ್ರು. ಅವನು ಮರ್ತಿರ್ಲಿಲ್ಲ. ಮರ್ತೆ ಅಂತ ಆಮೇಲೆ ಹೇಳಬಹುದು ಅನ್ನೋದು ಮಾತ್ರ ಅವನಿಗೆ ಹೊಳೆದಿತ್ತು. ಹೊಳೆದ ಮೇಲೆ ಕಾಲು ತಾನಾಗೇ ಬ್ಯಾರೆಲ್‌ಗಳ ಕಡೆ ನಡೀತು.

ಹೊರಗೆ ಬಂದು ಕಾರಲ್ಲಿ ಕೂತಾಗ ಫೋನಲ್ಲಿ ಒಂದು ಮೆಸೇಜಿತ್ತು. ರಂಜನೀದು. 'ಆಯ್ತು.' ಅಷ್ಟೆ. ಬೈಗುಳ ಇಲ್ಲ, ಪ್ರಶ್ನೆ ಇಲ್ಲ. ಅದರ ಕೆಳಗೆ ಅಪ್ಪಂದು: 'ಬರೆಸಿದ್ಯಾ?'

ಪಕ್ಕದ ಸೀಟಲ್ಲಿ ಮುದುಕ ಕೊಟ್ಟ ಬಾಟ್ಲಿ. ಲೇಬಲ್ ಇನ್ನೂ ಅಂಟಿಸಿರ್ಲಿಲ್ಲ.

ಉತ್ತಮ್ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕೆಲಸದ ಪುಟ ತೆರೆದ. ಹೊಸ ಹೆಸರು ಅನ್ನೋ ಕಡೆ 'ಉತ್ತಮ್' ಅಂತ ಹೊಡೆದ. ಅಮೆರಿಕದ ಮ್ಯಾಪು ಬಂತು. ಅದನ್ನ ಬದಲಾಯಿಸಿ ಆಸ್ಟ್ರೇಲಿಯಾ ತಂದ. ಬೂದು ಬಣ್ಣದ ದೊಡ್ಡ ನೆಲ, ಒಳಗೆಲ್ಲ ಏನೂ ಇಲ್ಲ. ಬಲಗಡೆ ಅಂಚಿಗೆ ಹೋಗಿ, ನದಿ ಬಳುಕೋ ಜಾಗ ಹುಡುಕಿ, ಬ್ರಿಸ್ಬೇನ್ ಮೇಲೆ ಒಂದು ಕೆಂಪು ಚುಕ್ಕಿ ಇಟ್ಟ.

ಡಬ್ಬಿ ಎದ್ದು ನಿಂತು ಕೇಳಿತು: ಆಧಾರ?

ಬೆರಳು ಕೀಬೋರ್ಡ್ ಮೇಲೆ ಇತ್ತು. ಯಾರ್ಯಾರದೋ ಮುತ್ತಾತಂದಿರಿಗೆ ಸಾವಿರ ಸಲ ಹೊಡೆದ ಸಾಲು. ಅದೂ ಬರ್ಲಿಲ್ಲ.

ದ್ರಾಕ್ಷಿ ಸಾಲುಗಳ ಮೇಲೆ ಇನ್ನೂ ಬೇಕಾದಷ್ಟು ಬಿಸಿಲಿತ್ತು. ಅಲ್ಲಿ ಆಗ್ಲೇ ಸಂಜೆ. ಡಬ್ಬಿಯೊಳಗೆ ಕರ್ಸರ್ ಮಿನುಗ್ತಾ ಕಾಯ್ತು. ಒಂದಷ್ಟು ಹೊತ್ತಾದ ಮೇಲೆ, ಯಾರೂ ಮುಟ್ಟದೇನೇ, ಬ್ರಿಸ್ಬೇನಿನ ಚುಕ್ಕಿ ಆರಿಹೋಯ್ತು.