ಮಂಡಿಯೂರಿ ಹೆತ್ತವಳು

ಮಾಘ ಮಾಸ, ಅರಿಸಿನ ಬೇಯಿಸುವ ಕಾಲ, ಮಟಮಟ ಮಧ್ಯಾಹ್ನ. ಉಡಿಗಾಲದ ನಮ್ಮ ಮನೆ ಹಿಂದೆ ಕೊಪ್ಪರಿಗೆ ಕುದಿಯುತ್ತಿದ್ದಾಗ ಮೊಮ್ಮಗ ಶಶಿಕುಮಾರನ ಹೆಂಡತಿ ಮೀನಾಗೆ ನೋವು ಹತ್ತಿತು. ತಾಯಿಯಿಲ್ಲದ ಹುಡುಗಿ, ಚೊಚ್ಚಲು ಹೆರಿಗೆಗೂ ನಮ್ಮಲ್ಲೇ ಉಳಿದಿದ್ದಳು. ಆಂಬುಲೆನ್ಸಿಗೆ ಫೋನು ಮಾಡಿದೆವು. ಅದು ಬರುವ ಮೊದಲೇ ನೀರು ಒಡೆಯಿತು.

ಮೀನಾ ನಡುಮನೆಯಲ್ಲಿ ಮಂಡಿಯೂರಿ, ಮಂಚದ ಕಾಲು ಹಿಡಿದು ಮುಂದಕ್ಕೆ ಬಾಗಿದಳು. ನನ್ನ ಸೊಸೆ, ಅಂದರೆ ಅವಳ ಅತ್ತೆ ಗುರುಮಲ್ಲಮ್ಮ, ಜಡೆ ಹಿಡಿದೆಳೆದು ಅಂಗಾತ ಕೆಡವಿದಳು.

“ದನ ಈಯ್ದಂಗೆ ಈಯ್ತೀಯೇನಮ್ಮಿ? ಮಲಗು.”

“ಬುಡಿ ಅತ್ತೆ, ಅಂಗಾತ ಆದ್ರೆ ಸೊಂಟ ಸೀಳ್ತದೆ.”

ಹಿಂದೆ ಗುರುಮಲ್ಲಮ್ಮನ ಚೊಚ್ಚಲು ಕೂಸು, ಅವಳು ಹೀಗೇ ಮಂಡಿಯೂರಿ ಹೆತ್ತಾಗ ನೆಲಕ್ಕೆ ಬಿದ್ದು ಅಳಲೇ ಇಲ್ಲ. ಅದು ಹೊಟ್ಟೆಯಲ್ಲೇ ಸತ್ತಿತ್ತು ಎಂದು ನಾನು ಎಷ್ಟು ಹೇಳಿದರೂ ನಂಬಿರಲಿಲ್ಲ. ಈಗ ಮೀನಾಳ ಕಾಲ ಮೇಲೆ ಕೂತು ಕೆನ್ನೆಗೆ ಬಾರಿಸಿದಳು. ಮಗನನ್ನು ಕೂಗಿ, “ಕೈಯ ಅದುಮ್ಕಲಾ, ಮಗೀನ ಕೊಂದಾಳು” ಅಂದಳು. ಅವನು ಅದುಮಿದ.

ತಲೆ ಕಂಡಿತು, ಮತ್ತೆ ಒಳಕ್ಕೆ ಸರಿಯಿತು. ಮೀನಾ ಗಂಡನ ಮಣಿಕಟ್ಟಿಗೆ ಹಲ್ಲು ನೆಟ್ಟಳು. ಅವನು ರಕ್ತ ಸುರಿಸುತ್ತ ಹಿಂದಕ್ಕೆ ಬಿದ್ದ. ಮೀನಾ ಕಾಲು ಬಿಡಿಸಿಕೊಂಡು ಅತ್ತೆಯ ಬಾಯಿಗೆ ಒದ್ದಳು. ಹಲ್ಲು ಉದುರಿತು. ಹೊರಳಿ, ಮಂಡಿಯೂರಿ, ತಿಣುಕಿದಳು. ಹೆಣ್ಣುಕೂಸು ನನ್ನ ಸೆರಗಿಗೆ ಜಾರುತ್ತಲೇ ಅತ್ತಿತು.

ಆಂಬುಲೆನ್ಸಿನ ನರ್ಸು ಬಂದಾಗ ಶಶಿಕುಮಾರ ಕೇಳಿದ, “ಇಂಗೆ ಮಂಡಿಯೂರಿ ಹೆರದು ತಪ್ಪಲ್ವಾ ಸಿಸ್ಟರ್?”

“ಅವ್ರಿಗೆ ಹೆಂಗೆ ಸಲೀಸೋ ಹಂಗೆ. ನಿಮ್ಮ ಕೈಗೇನಾಯ್ತು?”

“ನಾಯಿ ಕಚ್ತು.”

“ನಾಯಿ ಅಲ್ಲ ಸಿಸ್ಟರ್, ನಾನೇ” ಅಂದಳು ಮೀನಾ.

ಚಾಮರಾಜನಗರದ ಆಸ್ಪತ್ರೆಯಿಂದ ಅವಳು ವಾಪಸು ಬಂದಾಗ ಗುರುಮಲ್ಲಮ್ಮ ಸೌದೆ ಹಿಡಿದು ಹೊಸಿಲಲ್ಲಿ ನಿಂತಿದ್ದಳು. ತುಟಿ ಊದಿ ಮಾತು ತೊದಲುತ್ತಿತ್ತು.

“ಬಾಯಿಗೆ ಒದ್ದೋಳು ಒಳಿಕ್ಕೆ ಬಂದ್ರೆ ನಾ ಇರಾಕಿಲ್ಲ.”

ಸೌದೆ ಮೀನಾಳ ಭುಜಕ್ಕೆ ಬಿತ್ತು. ಮೀನಾ ಕೂಸನ್ನು ನನ್ನ ಕೈಗಿಟ್ಟಳು.

“ಇನ್ನೊಂದು ಒಡೀರಿ ಅತ್ತೆ. ನಂಗೆ ಓಗಕ್ಕೆ ಬೇರೆ ಮನೆ ಇಲ್ಲ, ಓಗಾಕಿಲ್ಲ.”

ಶಶಿಕುಮಾರ ಕಟ್ಟು ಹಾಕಿದ ಕೈಯಲ್ಲೇ ತಾಯಿಯಿಂದ ಸೌದೆ ಕಿತ್ತುಕೊಂಡ. ಯಾರ ಮೇಲೆ ಎತ್ತುತ್ತಾನೋ ಎಂದು ಕೂಸನ್ನು ಅವುಚಿಕೊಂಡೆ. ಒಳಕ್ಕೆ ಹೋಗಿ ಒಲೆಗೆ ತುರುಕಿದ. “ನೀರು ಕಾಯ್ಲಿ, ಬಾಣಂತಿ ಮೀಬೇಕು” ಅಂದ.

ಗುರುಮಲ್ಲಮ್ಮ ಬಟ್ಟೆ ಗಂಟು ಕಟ್ಟಿದಳು. ಹೆಣ್ಣುಮಕ್ಕಳು ಮನೆ ಬಿಡುವ ದಿನವಲ್ಲ ಎಂದು ಕೈ ಹಿಡಿದೆ, ಕೊಡವಿಕೊಂಡಳು. ಕೂಸಿನ ಮುಖ ನೋಡದೆ ಗುಂಡ್ಲುಪೇಟೆಯ ತಮ್ಮನ ಮನೆಗೆ ಬಸ್ಸು ಹತ್ತಿದಳು, ಶುಕ್ರವಾರ.