ಮೂರನೇ ಬ್ಲಾಕಿಗೆ ಪ್ರವೇಶವಿಲ್ಲ

ಸುಬ್ರಾಯನ ಅಮ್ಮ ಚಂದ್ರಾವತಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಾಗ ಕೊಚ್ಚಿಯ ಡಾಕ್ಟರು ಅದಕ್ಕೊಂದು ಉಕ್ಕಿನ ಮೊಳೆ ಹೊಡೆದು ಕೂರಿಸಿದರು. ಮೂರು ತಿಂಗಳು ಕಾಲೂರಬಾರದು, ಆಮೇಲೆ ನಡೆಯಲೇಬೇಕು ಎಂದರು. ಮೊದಲರ್ಧ ಸುಬ್ರಾಯನ ತಲೆಗೆ ಹೋಯಿತು, ಉಳಿದರ್ಧ ಹೋಗಲಿಲ್ಲ. ಕಾಸರಗೋಡಿನಲ್ಲಿ ಅವನ ಅಜ್ಜಿ ಹೀಗೇ ಬಿದ್ದವಳು, ಎದ್ದು ನಡೆಯಹೋಗಿ ಮತ್ತೆ ಬಿದ್ದು ತೀರಿಹೋಗಿದ್ದಳು. ಅಮ್ಮನನ್ನೂ ಹಾಗೆ ಕಳೆದುಕೊಳ್ಳಬೇಕಾದೀತೆಂದು ಅವನ ಜೀವ ಹಾರಿಹೋಗಿತ್ತು.

ಹೆದರಿದವರು ದೇವರಿಗೆ ಹರಕೆ ಹೊರುತ್ತಾರೆ. ಈ ಮಹಾರಾಯ ಪ್ಲಾನು ಬರೆದ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅವನನ್ನು ತಿರುವನಂತಪುರದ ಅರಣ್ಯ ಕಚೇರಿಗೆ ಹಾಕಿದ್ದರು. ಗುಡ್ಡದ ಮೇಲಿನ ಆನೆಗಳ ಅಭಯಾರಣ್ಯವೊಂದಕ್ಕೆ ಹತ್ತು ವರ್ಷದ ಪ್ಲಾನು ಬರೆಯುವುದು ಅಲ್ಲಿ ಅವನ ಕೆಲಸ. ಹೆಂಡತಿ ವಾರಿಜಾ ಕೊಚ್ಚಿಯಲ್ಲಿ ಟೀಚರ್, ಹಾಗಾಗಿ ಸಂಸಾರ ಅಲ್ಲಿ. ಇವನು ಬರೀ ಶನಿವಾರದ ರೈಲಿನ ಗಂಡ. ಅಮ್ಮನಿಗೂ ಅಂಥದ್ದೇ ಪ್ಲಾನು ಬರೆದು, ಇಲಾಖೆಯ ಇಂಗ್ಲಿಷಿನಲ್ಲೇ ಮನೆಯನ್ನು ಬ್ಲಾಕುಗಳಾಗಿ ಒಡೆದ. ಒಂದನೆಯದು ಮಂಚ. ಎರಡನೆಯದು ಚಾವಡಿ, ಸೊಸೆಯ ಕೈ ಹಿಡಿದು ಮಾತ್ರ. ಮೂರನೆಯದು ಅಡುಗೆಮನೆ, ಅಲ್ಲಿಗೆ ವರ್ಷವಿಡೀ ಪ್ರವೇಶವಿಲ್ಲ. ಇಲಾಖೆಯಲ್ಲಿ ಪ್ರಾಣಿಗಳ ಹೆಸರು ಬರೆಯುವ ರೂಢಿಯಿಲ್ಲ, ಆದ್ದರಿಂದ ಹೆತ್ತತಾಯಿ ಅದರಲ್ಲಿ "ವೃದ್ಧ ಹೆಣ್ಣು" ಆದಳು. ಅಡುಗೆಮನೆಯ ಬಾಗಿಲಿಗೆ ಹಗ್ಗವನ್ನೂ ಅಡ್ಡ ಕಟ್ಟಿದ.

"ನಾನೆಂತ ದನವಾ ಮಾರಾಯ?" ಎಂದಳು ಚಂದ್ರಾವತಿ. ಅವಳು ಬಿದ್ದು ಆಗಲೇ ಐದನೇ ತಿಂಗಳು ನಡೆಯುತ್ತಿತ್ತು.

ಎರಡೂ ಪ್ಲಾನಿಗೆ ಒಂದೇ ಖಾಕಿ ರಟ್ಟು, ಒಂದೇ ಕೆಂಪು ಲಾಡಿ. ಒಂದು ಭಾನುವಾರ ರೈಲು ಹಿಡಿಯುವ ಗಡಿಬಿಡಿಯಲ್ಲಿ ಸುಬ್ರಾಯ ಅಭಯಾರಣ್ಯವನ್ನು ಅಮ್ಮನ ತಲೆದೆಸೆಗೆ ತೂಗುಹಾಕಿ, ಅಮ್ಮನನ್ನು ಚೀಲಕ್ಕೆ ತುಂಬಿಕೊಂಡು ಹೋದ. ಮರುದಿನ ಅದನ್ನು ಬಿಚ್ಚಿಯೂ ನೋಡದೆ ದೊಡ್ಡ ಸಾಹೇಬರ ಮೇಜಿನ ಮೇಲಿಟ್ಟ.

ಗುರುವಾರ ಕರೆ ಬಂತು. ಸಾಹೇಬರ ಮುಖ ಗಂಭೀರವಾಗಿತ್ತು.

"ಈ ಹೆಣ್ಣಾನೆಗೆ ದಿನಕ್ಕೆರಡು ಸಲ ರಾಗಿ ಗಂಜಿ ಎಂದಿದ್ದೀರಿ, ಸರಿ. ಸೊಂಟಕ್ಕೆ ಮೊಳೆ ಇದೆ ಎಂದೂ ಬರೆದಿದ್ದೀರಿ. ಹೊಡೆದವರು ಯಾರು? ಮತ್ತೆ, ಆನೆಗೆ ಸೊಸೆ ಎಲ್ಲಿಂದ ಬಂದಳು?"

ಸುಬ್ರಾಯನಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ತೊದಲುತ್ತ ಎಲ್ಲ ಹೇಳಿದ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಕನ್ನಡಕವನ್ನು ಮಡಚಿ ಪ್ಲಾನಿನ ಮೇಲಿಟ್ಟರು.

"ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಎಲ್ಲಿ ಬಿದ್ದಾಳೋ ಎಂದು ನಾನು ಏಳಲು ಬಿಡಲಿಲ್ಲ. ಮತ್ತೆ ಏಳಲೇ ಇಲ್ಲ," ಎಂದರು. "ಈಗಲೇ ಹೋಗಿ ನನ್ನ ಪ್ಲಾನು ತನ್ನಿ. ಮೊದಲು ಆ ಹಗ್ಗ ಬಿಚ್ಚಿ."

ಮರುದಿನ ಸಂಜೆ ಸುಬ್ರಾಯ ಮನೆಯ ಮೆಟ್ಟಿಲು ಹತ್ತುವಾಗಲೇ ಹಲಸಿನ ಹಪ್ಪಳ ಕರಿದ ಘಮ ಬಂತು. ಹಗ್ಗ ಹಿತ್ತಲಿಗೆ ಹೋಗಿ ವಾರಿಜಾಳ ಸೀರೆ ಹೊತ್ತುಕೊಂಡಿತ್ತು. ಒಳಗೆ, ಮೂರನೇ ಬ್ಲಾಕಿನ ನಟ್ಟನಡುವೆ, ಕೋಲೂರಿಕೊಂಡು ಬಾಣಲೆಯ ಮುಂದೆ ನಿಂತಿದ್ದಳು ಚಂದ್ರಾವತಿ.

"ಅಮ್ಮಾ!"

"ಬೊಬ್ಬೆ ಹಾಕ್ಬೇಡ, ಹೆದರಿ ಬಿದ್ದೇನು."

ಪಕ್ಕದಲ್ಲಿದ್ದ ವಾರಿಜಾಳ ಕೈಯಲ್ಲಿ ಖಾಕಿ ರಟ್ಟು. ನಗು ತಡೆದು ತಡೆದು ಅವಳ ಮುಖ ಕೆಂಪಾಗಿತ್ತು. "ನೀವೇ ಬರ್ದದ್ದು, ಕೇಳಿ," ಎಂದು ಕನ್ನಡ ಮಾಡಿ ಓದಿದಳು: "'ಮೂರನೇ ಬ್ಲಾಕು. ವೃದ್ಧ ಹೆಣ್ಣಾನೆಗಳು ಲಾಗಾಯ್ತಿನಿಂದ ನಡೆದ ದಾರಿಯನ್ನು ಯಾವ ಕಾರಣಕ್ಕೂ ಮುಚ್ಚತಕ್ಕದ್ದಲ್ಲ. ಮುಚ್ಚಿದಲ್ಲಿ ಅವು ಬದುಕಲಾರವು.' ಸೋಮವಾರ ಓದಿ ಹೇಳಿದೆ. ಅತ್ತೆ ಆಗಲೇ ಎದ್ದು ನಿಂತ್ರು."

"ಆನೆಯ ಸಂಗತಿ ನಿಂಗೆ ಎಷ್ಟು ಲಾಯ್ಕ ಗೊತ್ತುಂಟು ಮಗಾ," ಎಂದಳು ಚಂದ್ರಾವತಿ. ಆ ಮಾತಿನಲ್ಲಿ ಕೊಂಕಿರಲಿಲ್ಲ, ಬರೀ ಹೆಮ್ಮೆ ಇತ್ತು. ಸುಬ್ರಾಯನಿಗೆ ನಾಚಿಕೆಯಾಯಿತು. ಹಗ್ಗ ಬಿಚ್ಚಲು ಸಾಹೇಬರೇ ಕಳಿಸಿದ್ದೆಂದು ಒಪ್ಪಿಕೊಂಡ.

ಅವಳು ಒಂದು ಕೈಯಲ್ಲಿ ಹಪ್ಪಳದ ತಟ್ಟೆ, ಇನ್ನೊಂದರಲ್ಲಿ ಕೋಲು ಹಿಡಿದು ಅವನತ್ತ ಹೊರಟಳು. ಹೊಸ್ತಿಲಲ್ಲಿ ಒಮ್ಮೆ ವಾಲಿದಳು. ಸುಬ್ರಾಯನ ಕೈ ತಾನಾಗಿ ಮುಂದೆ ಹೋಯಿತು. ಅದನ್ನು ಹಿಂದಕ್ಕೆಳೆದು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ. ಕಣ್ಣಲ್ಲಿ ನೀರು, ಬಾಯಿತುಂಬ ನಗು. ಅವಳು ಹೊಸ್ತಿಲು ದಾಟಿದಳು.

"ತಕೊ, ಬಿಸಿ ಉಂಟು," ಎಂದಳು. "ನಿನ್ನ ಸಾಹೇಬರಿಗೂ ನಾಲ್ಕು ಕಟ್ಟಿಕೊಡ್ತೇನೆ."