ಕಷ್ಟ ಹೇಳದ ಊರು

ಗುರುವಾರ ಕೊಯಮತ್ತೂರಿನಿಂದ ಟ್ರಸ್ಟಿನ ಮೇಡಂ ಬರುತ್ತಾರೆ, ಎಲ್ಲರೂ ಬನ್ನಿ, ಅವರನ್ನು ಚೆನ್ನಾಗಿ ನೋಡಿಕೊಳ್ಳಬೇಕು ಎಂದು ಸಿದ್ದಾಜಮ್ಮ ಹತ್ತು ದಿನದಿಂದ ತಮಿಳು ಸೀಮೆಯ ಮಾವನಲ್ಲ ಎಂಬ ತನ್ನೂರಿನ ಮನೆಮನೆಗೂ ಸಾರಿಬಂದಿದ್ದಳು. ಆ ಕೊನೆಯ ಮಾತೊಂದನ್ನು ಬಾಯಲ್ಲೇ ನುಂಗಿಕೊಂಡಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ.

ಊರಿನ ಉಚಿತ ಕಾನೂನು ನೆರವು ಕೇಂದ್ರವೆಂದರೆ ಒಂದೇ ಒಂದು ರೂಮು. ಅದರ ಬಾಡಿಗೆ, ಜೆರಾಕ್ಸ್ ಮೆಷಿನ್ನು, ವಾರಕ್ಕೆರಡು ದಿನ ಗೂಡಲೂರಿನಿಂದ ಬರುವ ವಕೀಲರ ಖರ್ಚು ಎಲ್ಲವೂ ಟ್ರಸ್ಟಿನದು. ಅಲ್ಲಿ ಅಷ್ಟೊಂದು ಕಷ್ಟದವರು ನಿಜವಾಗಿಯೂ ಇದ್ದಾರೆಯೇ ಎಂದು ಈ ವರ್ಷ ಟ್ರಸ್ಟಿನವರಿಗೆ ಅನುಮಾನ ಬಂದಿತ್ತು. ಮೇಡಂ ಕಣ್ಣಾರೆ ನೋಡಿ ಹೇಳಿದಂತೆ ತೀರ್ಮಾನ. ಇಲ್ಲ ಎಂದರೆ ರೂಮಿಗೆ ಬೀಗ.

ಸಿದ್ದಾಜಮ್ಮನಿಗೆ ಅದು ಬರೀ ರೂಮಾಗಿರಲಿಲ್ಲ. ಗಂಡ ಸತ್ತ ವರ್ಷ ಮೈದುನಂದಿರು ಅವಳನ್ನು ಹೊಲದಿಂದ ಎಬ್ಬಿಸಿದಾಗ ಅವಳು ಬಂದು ಅತ್ತದ್ದು ಅಲ್ಲಿನ ಬೆಂಚಿನ ಮೇಲೆ. ಹೊಲ ವಾಪಸು ಬಂತು. ಅವಳು ಮಾತ್ರ ಬೆಂಚು ಬಿಟ್ಟು ಏಳಲಿಲ್ಲ, ಅಲ್ಲೇ ಕೆಲಸಕ್ಕೆ ಸೇರಿಕೊಂಡಳು.

ಗುರುವಾರ ಅಭಿನಯಾ ಮೇಡಂ ಬಂದರು. ಇನ್ನೂ ಮೂವತ್ತಾಗದ ಹುಡುಗಿ. ತಾಯಿಯ ಕಡೆಯವರು ಇದೇ ಬೆಟ್ಟದ ಎಮರಾಲ್ಡ್ ಊರಿನವರಾದ್ದರಿಂದ ಇಲ್ಲಿನ ಮಾತು ತಿಳಿಯುತ್ತಿತ್ತು. ರೂಮಿನ ತುಂಬ ಜನವಿತ್ತು. ಆದರೆ ಜನ ಬಂದಿದ್ದ ರೀತಿ ನೋಡಿದರೆ ಮದುವೆ ಮನೆಯೇ ಸರಿ. ಪಾಪಾತಿ ಅಜ್ಜಿ ಪೆಟ್ಟಿಗೆಯ ತಳದ ರೇಷ್ಮೆ ಸೀರೆ ಉಟ್ಟಿದ್ದಳು. ಶಿವಲಿಂಗಯ್ಯನ ಅಂಗಿಯ ಇಸ್ತ್ರಿ ಗೆರೆ ಎದ್ದು ಕಾಣುತ್ತಿತ್ತು.

"ನಿಮ್ಮ ತೊಂದರೆ ಏನಜ್ಜಿ?" ಅಭಿನಯಾ ಪೆನ್ನು ಹಿಡಿದು ಕೇಳಿದಳು.

"ತೊಂದ್ರೆಯಾ? ಏನೂ ಇಲ್ಲ ಮೇಡಮ್ಮ. ಎಲ್ಲಾ ಸಂದಾಗದೆ. ಮೊದ್ಲು ಕಾಪಿ ಕುಡೀರಿ," ಎಂದಳು ಪಾಪಾತಿ. ಹೋದ ತಿಂಗಳು ಆನೆ ಅವಳ ಅಡುಗೆಮನೆಯ ಗೋಡೆ ಬೀಳಿಸಿತ್ತು. ಅಜ್ಜಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಅಡುಗೆ ಮಾಡುತ್ತಿದ್ದಳು.

ಶಿವಲಿಂಗಯ್ಯನ ಹೊಲಕ್ಕೆ ಹೋಗುವ ದಾರಿಗೆ ಪಕ್ಕದ ಜಾಗದವರು ತಂತಿಬೇಲಿ ಹಾಕಿದ್ದರು. "ದಾರಿಗೇನು ಮೇಡಂ, ಸುತ್ತಿ ಹೋದ್ರೆ ಇನ್ನೊಂದದೆ. ನಡೆದಷ್ಟೂ ಮೈಗೆ ಒಳ್ಳೇದು," ಎಂದ ಆ ಪುಣ್ಯಾತ್ಮ. ಬಸುರಿಯೆಂದು ಕೆಲಸ ಕಳೆದುಕೊಂಡಿದ್ದ ಕಲಾ, "ನಾನೀಗ ರೆಸ್ಟಲ್ಲಿವ್ನಿ" ಎಂದು ನಕ್ಕಳು.

ಸಿದ್ದಾಜಮ್ಮನಿಗೆ ತಾನು ಮಾಡಿದ ತಪ್ಪು ಆಗ ಹೊಳೆಯಿತು. ಬಂದ ನೆಂಟರ ಮುಂದೆ ಮನೆಯ ಗೋಳು ತೆಗೆಯುವುದು ಮಾವನಲ್ಲದಲ್ಲಿ ಮಹಾ ಅವಮರ್ಯಾದೆ. ಇವರೆಲ್ಲ ಮೇಡಂ ಅವರನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದರು! ಅವಳು ಕಣ್ಣು ಮಿಟುಕಿಸಿದಳು, ಕೆಮ್ಮಿದಳು, ಕಲಾಳನ್ನು ಚಿವುಟಿಯೂ ನೋಡಿದಳು. ಯಾರೂ ಜಗ್ಗಲಿಲ್ಲ. ಅಭಿನಯಾ ಪೆನ್ನಿನ ಮುಚ್ಚಳ ಹಾಕಿದಳು.

"ಎಲ್ಲರೂ ಚೆನ್ನಾಗಿದ್ದಾರಲ್ಲ ಅಕ್ಕಾ. ಸಂತೋಷ. ಹಾಗಾದರೆ ನಾನು ಹೊರಡ್ತೀನಿ."

ಸಿದ್ದಾಜಮ್ಮನ ತಲೆ ಓಡಿತು. ನೆಂಟರು ನೆಂಟರಾಗಿರುವುದು ಕೂತು ತಿನ್ನುವವರೆಗೆ ಮಾತ್ರ. ಕೆಲಸಕ್ಕೆ ಕೈ ಹಚ್ಚಿದ ಮೇಲೆ ಅವರು ಮನೆಯವರೇ.

"ಬಸ್ಸಿಗಿನ್ನೂ ಹೊತ್ತದೆ ಮೇಡಂ. ತಮಿಳಲ್ಲಿ ಬರೆಯೋ ನಮ್ಮ ರಾಜೇಶ್‌ಕುಮಾರು ಇವತ್ತು ಊಟಿ ಕೋರ್ಟಿಗೆ ಹೋಗವ್ನೆ. ಈ ಕಲಾದು ಒಂದು ಮನು ಬಾಕಿ ಅದೆ. ಬರೆದುಕೊಟ್ಟುಬುಡಿ." ಅರ್ಜಿಗೆ ಅಲ್ಲಿನವರು ತಮಿಳಿನಂತೆ ಮನು ಎಂದೇ ಹೇಳುವುದು.

"ಅಯ್ಯೋ, ನೆಂಟರ ಕೈಲಿ ಕೆಲ್ಸ ಮಾಡಿಸ್ತಾರಾ?" ಪಾಪಾತಿ ಗದರಿದಳು. ಸಿದ್ದಾಜಮ್ಮ ಕೇಳಿಸದವಳಂತೆ ಕುರ್ಚಿಯನ್ನು ಎಳೆದು ಮೇಜಿನ ಈಚೆಗೆ ಹಾಕಿದಳು. ಅಭಿನಯಾ ತುಸು ತಡೆದು, ಕೂತು, ಹಾಳೆಗಳ ನಡುವೆ ಕಾರ್ಬನ್ ಇಟ್ಟಳು. ಸಿದ್ದಾಜಮ್ಮ ಹೇಳಿದಳು, ಅವಳು ಬರೆದಳು. ಅರ್ಧ ಪುಟ ತುಂಬುವಷ್ಟರಲ್ಲಿ ಕಲಾ ತಾನೇ ಬಾಯಿ ಹಾಕಿ, ಹಾಗಲ್ಲ ಹೀಗೆ ಎಂದು ತಿದ್ದತೊಡಗಿದಳು. ರೆಸ್ಟಿನ ಮಾತನ್ನು ಅವಳು ಆಗಲೇ ಮರೆತಿದ್ದಳು.

ಪಾಪಾತಿ ಮೆಲ್ಲಗೆ ಮೇಜಿನ ಹತ್ತಿರ ಬಂದಳು. ಹುಡುಗಿಯ ಬೆರಳೆಲ್ಲ ಕಾರ್ಬನ್ನಿನ ನೀಲಿಯಾಗಿತ್ತು.

"ಕೂಸೇ, ನಂದೂ ಒಂದ್ ಬರೀತೀಯಾ? ಗೋಡೆ ಬಿದ್ದದೆ. ರಾತ್ರಿಯೆಲ್ಲ ಕಣ್ಣು ಮುಚ್ಚಕ್ಕಾಗಲ್ಲ."

ಮೇಡಮ್ಮ ಹೋಗಿ ಕೂಸು ಆದದ್ದೇ ತಡ, ಕಟ್ಟೆ ಒಡೆಯಿತು. ಶಿವಲಿಂಗಯ್ಯನ ಮೈಗೆ ನಡಿಗೆಯಿಂದ ಯಾವ ಒಳ್ಳೆಯದೂ ಆಗಿರಲಿಲ್ಲವೆಂದೂ, ಮಂಡಿ ಬಾತು ಎರಡು ತಿಂಗಳಾಯಿತೆಂದೂ ಆಗ ಗೊತ್ತಾಯಿತು. ಬಾಗಿಲಾಚೆಗೂ ಸಾಲು ನಿಂತಿತು. ಅಭಿನಯಾ ಮಧ್ಯಾಹ್ನದ ಬಸ್ಸು ಬಿಟ್ಟಳು. ಯಾರೋ ಕೊಟ್ಟ ಮುದ್ದೆ ಸಾರನ್ನು ಎಡಗೈಯಲ್ಲಿ ಹಾಳೆ ಹಿಡಿದುಕೊಂಡೇ ಉಂಡಳು. ಸಿದ್ದಾಜಮ್ಮ ಖುಷಿಯಲ್ಲಿ ಎಲ್ಲರನ್ನೂ ಬೈಯುತ್ತ ಓಡಾಡಿದಳು. "ಬಾಯೊಳಗೆ ಕಡುಬು ಇಟ್ಕೊಂಡಿದ್ರಾ ಬೆಳಿಗ್ಗೆ? ಕಷ್ಟ ಹೇಳ್ಕೊಳ್ಳಕ್ಕೆ ಏನ್ ನಾಚ್ಕೆ ನಿಮಗೆ!"

ಸಾಲು ಕರಗಿದಾಗ ನಾಲ್ಕು ಗಂಟೆ. ಅಭಿನಯಾ ಹೊಸ ಹಾಳೆ ತೆಗೆದು ಸಿದ್ದಾಜಮ್ಮನ ಕಡೆ ತಿರುಗಿದಳು.

"ಈಗ ಕೇಂದ್ರದ್ದು. ಟ್ರಸ್ಟಿಗೆ ನಾನೇ ಬರೀತೀನಿ. ಹೇಳಿ ಅಕ್ಕಾ, ನಿಮ್ಮ ಕಷ್ಟ ಏನು?"

ಎಲ್ಲರೂ ಅವಳನ್ನೇ ನೋಡಿದರು. ಸಿದ್ದಾಜಮ್ಮ ಸೆರಗು ಸರಿಮಾಡಿಕೊಂಡಳು.

"ನಂಗೇನವ್ವ ಕಷ್ಟ? ಏನೂ ಇಲ್ಲ. ಎಲ್ಲಾ ಸಂದಾಗದೆ," ಎಂದಳು.

ರೂಮೇ ಗೊಳ್ಳೆಂದು ನಕ್ಕಿತು. ಅವಳೂ ನಾಲಿಗೆ ಕಚ್ಚಿಕೊಂಡು ನಕ್ಕಳು. ನಗುತ್ತಿರುವಂತೆಯೇ ಅವಳ ಕಣ್ಣು ತುಂಬಿಬಂತು. ಊರವರ ಬಾಯಿ ಬಿಡಿಸಿದವಳಿಗೆ ತನ್ನ ಬಾಯಿ ತೆರೆಯುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಪಾಪಾತಿ ಅವಳ ತೋಳು ಹಿಡಿದು ಬೆಂಚಿನ ಮೇಲೆ ಕೂರಿಸಿದಳು.

"ಹೇಳು ಮಗ," ಎಂದಳು. "ನಾವೆಲ್ಲ ಹೇಳ್ಲಿಲ್ವಾ?"

"ಈ ಬಾಗಿಲು ಮುಚ್ಚಿದ್ರೆ," ಸಿದ್ದಾಜಮ್ಮ ಕೊನೆಗೂ ಹೇಳಿದಳು, "ನನ್ನಂಗೆ ಅಳ್ತಾ ಬರೋರು ಎಲ್ಲಿಗೋಗ್ಬೇಕು ಕೂಸೇ?"

ಅಭಿನಯಾ ಅದನ್ನು ಹಾಗೆಯೇ ಬರೆದುಕೊಂಡಳು. ಆಮೇಲೆ ತಲೆಯೆತ್ತದೆ, "ಮುಚ್ಚಲ್ಲ ಅಕ್ಕಾ. ಇಲ್ಲಿ ಸಹಿ ಹಾಕಿ," ಎಂದಳು.